ಹತ್ತು ಸಾವಿರದ ಮೇಲೆ ಕೂಗಂಗಿಲ್ಲ

ನನಗೆ ಅರಳುಮರಳು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಲ್ಲು ಕಿರಿದವರೆಲ್ಲ ಬಾಯಿ ಮುಚ್ಚಿಕೊಂಡು ಈ ವಾಯ್ಸ್ ಮೆಸೇಜ್ ಕೇಳಿ. ತೆರಕಣಾಂಬಿಯಲ್ಲಿ ಇಪ್ಪತ್ತೆರಡು ವರ್ಷ ಚೀಟಿ ನಡೆಸಿದವನು ನಾನು. ಯಾರು ಯಾವ ತಿಂಗಳು ಎಷ್ಟಕ್ಕೆ ಕೂಗಿದರು ಅಂತ ಈಗಲೂ ಹೇಳ್ತೀನಿ.

ಇಪ್ಪತ್ತು ಜನ, ತಿಂಗಳಿಗೆ ಐದೈದು ಸಾವಿರ, ಒಟ್ಟು ಒಂದು ಲಕ್ಷ. ಅದರಲ್ಲಿ ಹೆಚ್ಚು ಬಿಟ್ಟುಕೊಡ್ತೀನಿ ಅಂತ ಕೂಗಿದವನಿಗೆ ದುಡ್ಡು. ಬಿಟ್ಟದ್ದನ್ನು ಎಲ್ಲರೂ ಹಂಚಿಕೊಳ್ಳೋದು. ಎರಡು ಸಾವಿರದ ಇಪ್ಪತ್ತೆರಡನೇ ಇಸವಿಯಲ್ಲಿ ರಿಸರ್ವ್ ಬ್ಯಾಂಕಿನವರು ಬಡ್ಡಿ ಏರಿಸುತ್ತಾ ಹೋದರು. ಹೊರಗೆ ಸಾಲ ತುಟ್ಟಿಯಾಯ್ತು, ಜನ ಚೀಟಿಗೆ ಮುಗಿಬಿದ್ದರು, ಕೂಗು ನಲವತ್ತು ಸಾವಿರ ಮುಟ್ಟಿತು. ಕಷ್ಟದಲ್ಲಿದ್ದವನ ಕೈಗೆ ಬರೋದು ಅರವತ್ತೇ. ಅದಕ್ಕೆ ಹೊಸ ಚೀಟಿ ಶುರು ಮಾಡುವಾಗ ಒಂದು ನಿಯಮ ತಂದೆ: ಹತ್ತು ಸಾವಿರದ ಮೇಲೆ ಯಾರೂ ಕೂಗಂಗಿಲ್ಲ. ಒಬ್ಬರಿಗಿಂತ ಹೆಚ್ಚು ಜನ ಹತ್ತಕ್ಕೆ ನಿಂತರೆ ಹೆಸರು ಬರೆದು ಎತ್ತೋದು.

"ಏನ್ ಗವರ್ನರ್ ಸಾಯೇಬ್ರೇ, ನೋಟಿಗೂ ನಿಮ್ದೇ ಸೈನಾ?" ಅಂತ ಗೊಬ್ಬರದಂಗಡಿ ಕನಕರಾಜು ರೇಗಿಸಿದ. ನಾನು ಉಬ್ಬಿಹೋದೆ.

ಇದನ್ನೆಲ್ಲ ಮಾಡಿದ್ದು ನಾಗಯ್ಯನಂಥವರಿಗಾಗಿ. ಬಸ್ ಸ್ಟ್ಯಾಂಡ್ ಎದುರಿನ ಟೈಲರ್, ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತವನು. ಅಂಗಡಿ ಮಾಲೀಕ ಅವನಿಗೆ, ಮೂರು ತಿಂಗಳಲ್ಲಿ ಎಂಬತ್ತು ಸಾವಿರ ಅಡ್ವಾನ್ಸ್ ಕೊಡು, ಇಲ್ಲ ಖಾಲಿ ಮಾಡು ಅಂದಿದ್ದ.

ಮೊದಲ ತಿಂಗಳು ನಾಗಯ್ಯ "ಹತ್ತು" ಅಂದ. ಅವನ ಹಿಂದೆಯೇ ಉಳಿದ ಹತ್ತೊಂಬತ್ತು ಜನವೂ ಹತ್ತು ಅಂದರು!

"ನಿಂಗೇನ್ ಕಷ್ಟ ಬಂತ್ಲಾ ಕನಕ?" ಅಂದೆ.

"ಕಷ್ಟ ಯಾಕಣ್ಣ? ಬ್ಯಾಂಕಲ್ಲಿ ಡಿಪಾಜಿಟ್‌ಗೂ ಬಡ್ಡಿ ಏರ್ಬುಟ್ಟದೆ. ಇಲ್ಲಿ ಎತ್ತಿ ಅಲ್ಲಿ ಮಡುಗ್ತೀನಿ. ನೀನೇ ಅಗ್ಗ ಮಾಡ್ಬುಟ್ಟಲ್ಲಾ!"

ಕನಕರಾಜು ಹೆಸರೇ ಬಂತು. ಎರಡನೇ ತಿಂಗಳು ಇನ್ಯಾರಿಗೋ ಹೋಯ್ತು. ಮೂರನೇ ತಿಂಗಳು ನಾಗಯ್ಯ ಎದ್ದು ನಿಂತ. "ಇಪ್ಪತ್ ಸಾವ್ರ ಬುಡ್ತೀನಿ ಕಣ್ಲಾ ಮರಿಮಲ್ಲ. ಎಂಬತ್ ಸಿಕ್ರೆ ಸಾಕು. ಕೂಗಕ್ ಬುಡ್ಲಾ."

"ಎಲ್ಲಾರ್ ಮುಂದೆ ಮಾಡಿದ್ ರೂಲ್ಸು. ಮುರಿಯಂಗಿಲ್ಲ" ಅಂದೆ. ದೊಡ್ಡ ಮನುಷ್ಯ ನಾನು, ಥೂ.

ಉಳಿದಿದ್ದ ಹದಿನೆಂಟು ಹೆಸರು ಕುಲುಕಿ ಎತ್ತಿದೆ. ತಿಂಗಳ ಸಂಬಳ ಎಣಿಸೋ ನರ್ಸ್ ಶಾಂತಿ ಹೆಸರು.

ವಾರದಲ್ಲಿ ನಾಗಯ್ಯ ಹೊಲಿಗೆ ಮಿಷನ್ ಆಟೋಗೆ ಏರಿಸುತ್ತಿದ್ದ. ಒಂದು ಕಡೆ ಹಿಡಿಯೋಕೆ ಹೋದೆ.

"ಬುಡು. ನೀ ಮುಟ್ಬ್ಯಾಡ."

ಅರವತ್ತು ವರ್ಷದ ಮಾತು ಅಲ್ಲಿಗೇ ನಿಂತಿತು. ಕುದೇರಿನಲ್ಲಿ ಮಗಳ ಮನೆಯಲ್ಲಿದ್ದಾನಂತೆ. ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಕುದೇರು ಕಡೆಯವರು ಯಾರಿದ್ದೀರಪ್ಪ, ಇದನ್ನು ಅವನಿಗೆ ಕೇಳಿಸಿ. ನಿಯಮ ಮುರೀಬೇಕಿತ್ತು, ನಾನು ಮುರೀಲಿಲ್ಲ. ಅವನು ಸಾಕು ಅಂದರೂ ಆಫ್ ಮಾಡಬೇಡಿ, ಪೂರ್ತಿ ಕೇಳಿಸಿ.