ದ್ವೀಪದ ಬಂದರಿಗೆ ಡಿಪೋ ಮ್ಯಾನೇಜರ್

ತ್ಯಾಗರಾಜ, ಫೋನು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳು. ನಿನ್ನೆ ನಾನೊಂದು ಯುದ್ಧ ನಿಲ್ಲಿಸಿದೆ. ನಗಬೇಡ.

ಅಮೆರಿಕದ ಆಶ್‌ಬರ್ನ್‌ನಲ್ಲಿರುವ ನನ್ನ ತಮ್ಮನ ಮಗಳು ಹರಿಣಿ ಗೊತ್ತಲ್ಲ, ಅವಳ ಕೆಲಸವೇ ಯುದ್ಧದ ಆಟ ಕಟ್ಟುವುದು. ಮುಂದೆ ಹೀಗೊಂದು ಯುದ್ಧವಾದರೆ ಏನು ಮಾಡೋಣ ಎಂದು ದೊಡ್ಡ ಅಧಿಕಾರಿಗಳು ಮೇಜಿನ ಸುತ್ತ ಕೂತು ಆಡುತ್ತಾರೆ. ನಿನ್ನೆಯದು 2041ರ ಯುದ್ಧ. ತಾರಾವೆ ಎಂಬ ಇಲ್ಲದ ದ್ವೀಪ. ಅಲ್ಲಿನ ಉತ್ತರದವರಿಗೆ ನೀಲಿ ದೇಶ ಬಂದೂಕು ಕೊಡುತ್ತದೆ, ದಕ್ಷಿಣದವರಿಗೆ ಕೆಂಪು ದೇಶ. ಕೊಡುವವರಿಗೆ ಒಂದು ಗೀರೂ ಆಗುವುದಿಲ್ಲ, ಸಾಯುವವರು ದ್ವೀಪದವರು.

ಬಂದರು ಅಧಿಕಾರಿಯ ಪಾತ್ರ ಮಾಡುವವನಿಗೆ ಜ್ವರ ಬಂದಿತ್ತು. ರಜೆಗೆಂದು ಅವಳ ಮನೆಗೆ ಬಂದಿದ್ದ ನನ್ನನ್ನು ಹರಿಣಿ ಹಿಡಿದಳು.

"ದೊಡ್ಡಪ್ಪ, ಸುಮ್ನೆ ಕೂತ್ಕೊಂಡು ಸೈನ್ ಮಾಡಿ ಸಾಕು. ಲಂಚ್ ಒಳಗೆ ವಾರ್ ಸ್ಟಾರ್ಟ್ ಆಗ್ಬೇಕು. ಬಾಸ್ ಬರ್ತಿದಾರೆ. ಫ್ಲಾಪ್ ಆದ್ರೆ ನನ್ ಕೆಲಸ ಹೋಯ್ತು ಅಂತ್ಲೇ ಲೆಕ್ಕ."

ಮೂವತ್ತೊಂದು ವರ್ಷ ಬಸ್ ಡಿಪೋ ನಡೆಸಿದವನಿಗೆ ಸುಮ್ಮನೆ ಸಹಿ ಹಾಕು ಎಂದರೆ ಹೇಗಯ್ಯ? ಮೆಕ್ಯಾನಿಕ್ ನೋಡದೆ ಒಂದು ಗಾಡಿಯನ್ನೂ ಗೇಟು ದಾಟಿಸಿದವನಲ್ಲ ನಾನು. ನೀಲಿ ತಂಡದ ಆರಡಿ ಆಳು ತಮ್ಮ ಹಡಗಿನಲ್ಲಿ ಬಂದ ಬಂದೂಕುಗಳ ಪಟ್ಟಿ ಚಾಚಿದ. ಚೆಕ್ ಮಾಡಿದವರು ಯಾರು ಎಂದು ನನ್ನ ಡಿಪೋ ಇಂಗ್ಲಿಷಿನಲ್ಲಿ ಕೇಳಿದೆ. ನಾವೇ ಎಂದ. ನಿಮ್ಮ ಮಾಲು ನೀವೇ ನೋಡಿದರೆ ಅದು ಚೆಕ್ಕೇ ಅಲ್ಲ, ಕೆಂಪಿನವರು ನೋಡಿ ಸಹಿ ಹಾಕಲಿ ಎಂದೆ. ಕೆಂಪಿನವರಿಗೂ ಅದೇ ಮಾತು: ನೀಲಿಯವರನ್ನು ಕರೆತನ್ನಿ. ನನ್ನ ಸಹಿ ಬೀಳದೆ ಸರಕು ಅಲ್ಲಾಡಬಾರದೆಂದು ನಿಯಮ ಬರೆದವಳು ಹರಿಣಿಯೇ!

ಹರಿಣಿ ಬಗ್ಗಿ ಪಿಸುಗುಟ್ಟಿದಳು. "ದೊಡ್ಡಪ್ಪ, ಕೈ ಮುಗೀತೀನಿ, ಯುದ್ಧ ಶುರು ಮಾಡ್ಸಿ!"

"ಗಾಡಿ ಫಿಟ್ ಇಲ್ಲಮ್ಮ, ನಾನೇನ್ ಮಾಡ್ಲಿ?"

ಹನ್ನೆರಡರ ಹೊತ್ತಿಗೆ ನೀಲಿಯ ಆರಡಿಯೂ ಕೆಂಪಿನ ಬೋಳುತಲೆಯೂ ಒಂದೇ ಪಟ್ಟಿಯ ಮೇಲೆ ಬಾಗಿದ್ದರು. ಈ ಗುಂಡು ಆ ಬಂದೂಕಿಗೆ ಹೊಂದುವುದಿಲ್ಲ ಎಂದು ಕಿತ್ತಾಡಿದರು, ಆಮೇಲೆ ಬಿದ್ದು ಬಿದ್ದು ನಕ್ಕರು. ಊಟ ಬಂತು. ಯುದ್ಧ ಬರಲಿಲ್ಲ.

ಬಾಸ್ ಎದ್ದು ನಿಂತರು. ಹರಿಣಿಯ ಮುಖ ಸುಣ್ಣವಾಯಿತು. ಬಾಸ್ ಹೇಳಿದ್ದಿಷ್ಟು: ಹತ್ತು ಸಲ ಈ ಆಟ ಆಡಿದ್ದೇವೆ, ಹತ್ತು ಸಲವೂ ಊಟಕ್ಕೆ ಮುಂಚೆಯೇ ದ್ವೀಪ ಸುಟ್ಟುಹೋಗಿದೆ. ಬಂದರಿನಲ್ಲೊಬ್ಬ ಮನುಷ್ಯನಿದ್ದಾನೆಂದು ನಮಗೆ ಹೊಳೆದೇ ಇರಲಿಲ್ಲ. ಹರಿಣಿ, ವರದಿ ನೀನೇ ಬರೆ, ಮುಂದಿನ ಆಟಗಳನ್ನೂ ನೀನೇ ಕಟ್ಟು.

ಹುಡುಗಿ ಎಲ್ಲರೆದುರೇ ನನ್ನನ್ನು ತಬ್ಬಿಕೊಂಡಳು. ಕಾರು ಹತ್ತಿದ ಮೇಲೆ ಮನೆ ಮುಟ್ಟುವ ತನಕ ಬೈದಳು, ಅದು ಬೇರೆ.

ಮುಂದಿನ ತಿಂಗಳು ಮತ್ತೆ ಕರೆದಿದ್ದಾರೆ. ಈ ಸಲ ಎರಡೂ ತಂಡದವರು ಒಬ್ಬರದನ್ನು ಇನ್ನೊಬ್ಬರಿಂದ ಚೆಕ್ ಮಾಡಿಸಿಕೊಂಡೇ ಬರುತ್ತಾರಂತೆ. ಬರಲಿ. ನಾನು ಹಡಗಿನ ಡ್ರೈವರ್ ಲೈಸೆನ್ಸ್ ಕೇಳುತ್ತೇನೆ.