ಹತ್ತು ಸೆಕೆಂಡು ಯೋಚಿಸಿ

ಕತ್ತರಿ ಎಂದೇ ಎಲ್ಲರೂ ಕರೆಯುವ ಹುಡುಗ ಗೇಟಿನ ಚಿಲಕ ಸರಿಸಿ ಮೆಲ್ಲಗೆ ಜಾಗ ಖಾಲಿ ಮಾಡುವುದರಲ್ಲಿದ್ದ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಹಿಂದಿನಿಂದ ಬಂದು ಅವನ ತೋಳು ಹಿಡಿದಳು.

“ನೀನು ಅದನ್ನ ನೋಡಿದ್ದೀಯ.”

“ಯಾವ್ದನ್ನ ಅಕ್ಕಾ?”

“ಮೊನ್ನೇದು. ಅವರನ್ನ ಆಸ್ಪತ್ರೆಗೆ ಎತ್ಕೊಂಡು ಹೋದ್ಮೇಲೆ ಕ್ಯಾಮೆರಾ ಆಫ್ ಮಾಡಿದ್ದು ನಾನೇ. ಆಫ್ ಮಾಡಿದ್ರೆ ರೆಕಾರ್ಡಿಂಗ್ ತಾನಾಗೇ ನಿನ್ನ ಹತ್ರ ಬರತ್ತೆ ಅಂತ ನಂಗೊತ್ತಿಲ್ವಾ?”

ಕತ್ತರಿ ಚಿಲಕದಿಂದ ಕೈ ತೆಗೆದ. ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸುಗಳ ವಿಡಿಯೋ ಎಡಿಟ್ ಮಾಡುವವನು ಅವನು. ಆ ಅಡ್ಡಹೆಸರು ಇಟ್ಟವರು ಮೇಷ್ಟ್ರೇ. ನಿನ್ನೆ ಬೆಳಿಗ್ಗೆ, ಸುದ್ದಿ ತಿಳಿಯುವ ಮೊದಲೇ, ಎಂದಿನಂತೆ ಟೀ ಲೋಟ ಪಕ್ಕದಲ್ಲಿಟ್ಟುಕೊಂಡು ಆ ಫೈಲು ತೆರೆದಿದ್ದ. ಟೀ ಅಲ್ಲೇ ಆರಿಹೋಯಿತು.

ಒಳಗೆ ಮೇಷ್ಟ್ರನ್ನು ಮಲಗಿಸಿದ್ದರು. ವಯಸ್ಸು ಐವತ್ತೆಂಟು, ಬಿ.ಪಿ. ಇಲ್ಲ, ಶುಗರ್ ಇಲ್ಲ. “ಮೊನ್ನೆ ಬೆಳಿಗ್ಗೆ ನಂಗೆ ಫೋನಲ್ಲಿ ಬೈದ ಕಣ್ರೀ ಅಣ್ಣ! ಮೊನ್ನೆ ಬೆಳಿಗ್ಗೆ!” ಎಂದು ಮೇಷ್ಟ್ರ ತಮ್ಮ ಬಂದವರಿಗೆಲ್ಲ ಹೇಳುತ್ತಿದ್ದ, ಬೈದವರು ಸಾಯುವುದುಂಟೇ ಎನ್ನುವ ಹಾಗೆ. ಬಂದವರೂ ಬೆಪ್ಪಾಗಿ ನಿಂತಿದ್ದರು.

“ಹತ್ತೊಂಬತ್ತು ನಿಮಿಷ,” ಎಂದಳು ಆಕೆ. “ನಾನು ಮೊದಲೇ ಬಾಗಿಲು ತೆಗೆದಿದ್ರೆ ಉಳೀತಿದ್ರಾ? ಅಷ್ಟು ಹೇಳು. ಡಾಕ್ಟ್ರು ಸಮಾಧಾನಕ್ಕೆ ಹೇಳ್ತಾರೆ. ನೀನು ಕಣ್ಣಾರೆ ನೋಡಿದ್ದೀಯ.”

*

ಆರು ವರ್ಷದ ಹಿಂದೆ ಮೇಷ್ಟ್ರಿಗೂ ಕತ್ತರಿಗೂ ಮೊದಲ ಜಗಳ ಆದದ್ದು ಮೌನದ ವಿಷಯಕ್ಕೆ. ತೊಲೆ, ಕಂಬ, ಭಾರ ಎಂದು ಒಂದು ಗಂಟೆ ಹೇಳುತ್ತಿದ್ದ ಪಾಠವನ್ನು ಮೇಷ್ಟ್ರು ಆರಾರು ನಿಮಿಷದ ತುಂಡು ಮಾಡಿದ್ದರು. ಪ್ರತಿ ತುಂಡಿನಲ್ಲೂ ಒಂದು ಪ್ರಶ್ನೆ. ಆಮೇಲೆ “ಹತ್ತು ಸೆಕೆಂಡು ಯೋಚಿಸಿ” ಎಂದು ಕ್ಯಾಮೆರಾವನ್ನೇ ನೋಡುತ್ತ ಗಪ್ಪನೆ ಕೂರುತ್ತಿದ್ದರು. ಕತ್ತರಿ ಅದನ್ನೆಲ್ಲ ಕತ್ತರಿಸಿ ಬಿಸಾಡಿದ.

“ಜನ ಓಡಿಹೋಗ್ತಾರೆ ಸಾರ್.”

“ಓಡಿಹೋಗೋರು ಕ್ಲಾಸಿಂದಾನೂ ಓಡಿಹೋಗ್ತಿದ್ರು ಕಣಯ್ಯ. ಕೂರೋರಿಗೆ ಯೋಚನೆ ಮಾಡೋಕೆ ಪುರುಸೊತ್ತು ಕೊಡು.”

ಗೆದ್ದವರು ಮೇಷ್ಟ್ರೇ. ಮನೆಯಲ್ಲೂ ಅದೇ ಕಾನೂನು. ರೆಕಾರ್ಡಿಂಗ್ ಮಾಡುವ ಕೋಣೆಯ ಬಾಗಿಲು ಮುಚ್ಚಿದೆಯೆಂದರೆ ಭೂಮಿ ಬಾಯಿಬಿಟ್ಟರೂ ಯಾರೂ ಒಳಗೆ ಹೋಗಕೂಡದು. ಒಮ್ಮೆ ಆಕೆ ಕಾಫಿ ಹಿಡಿದು ಬಾಗಿಲು ತಳ್ಳಿ, ಚೆನ್ನಾಗಿ ಬಂದಿದ್ದ ಪಾಠ ನೀರಿನಲ್ಲಿ ಹೋಮವಾಗಿ, ಎರಡು ದಿನ ಗಂಡನ ಮುಖ ಊದಿಕೊಂಡಿತ್ತು.

*

ಮೊನ್ನೆ ಆಕೆ ಅಡುಗೆಮನೆಯಲ್ಲಿದ್ದಳು. ಮುಚ್ಚಿದ ಬಾಗಿಲಾಚೆಯಿಂದ ಗಂಡನ ದನಿ ಕೇಳುತ್ತಿತ್ತು: ಎರಡು ಇಟ್ಟಿಗೆಯ ಮೇಲೆ ಹಲಗೆ, ನಡುವೆ ದಪ್ಪ ಮನುಷ್ಯ ನಿಂತಿದ್ದಾನೆ, ಹಲಗೆ ಮೊದಲು ಬಿರುಕು ಬಿಡುವುದು ಮೇಲ್ಭಾಗದಲ್ಲೋ, ಕೆಳಭಾಗದಲ್ಲೋ? ಹತ್ತು ಸೆಕೆಂಡು ಯೋಚಿಸಿ.

ಆಮೇಲೆ ಮೌನ. ಕಷ್ಟದ ಪ್ರಶ್ನೆ, ಇವತ್ತು ಜಾಸ್ತಿ ಹೊತ್ತು ಕೊಟ್ಟಿದ್ದಾರೆ ಅಂದುಕೊಂಡಳು. ಆಮೇಲೆ, ಟಿಪ್ಪಣಿ ನೋಡಿಕೊಳ್ಳುತ್ತಿರಬೇಕು ಅಂದುಕೊಂಡಳು. ಬಾಗಿಲು ತೆಗೆಯುವ ಧೈರ್ಯ ಬರಲು ಹತ್ತೊಂಬತ್ತು ನಿಮಿಷ ಹಿಡಿಯಿತು.

*

ನೋಡಿಲ್ಲ ಎಂದು ಸುಳ್ಳು ಹೇಳಿಬಿಡೋಣವೆಂದು ಕತ್ತರಿ ಬಾಯಿ ತೆರೆದ. ಆಕೆಯ ಮುಖ ನೋಡಿದ ಮೇಲೆ ಆಗಲಿಲ್ಲ. ಗೇಟಿನ ಕಂಬಕ್ಕೊರಗಿ ಫೋನು ತೆಗೆದು, ಪರದೆಗೆ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿದ.

ಪರದೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿ ಸುಮ್ಮನಾದರು. ಆರು, ಏಳು, ಎಂಟು. ಆಗ ಎಲ್ಲಿಂದಲೋ ಹೆಂಗಸಿನ ದನಿ ಕೂಗಿತು: “ಕೆಳಗೇ ಕಣ್ರೀ!”

ಆಕೆ ಬೆಚ್ಚಿಬಿದ್ದಳು. “ನಾನಾ?”

“ನೀವೇ ಅಕ್ಕಾ. ಪ್ರತಿ ಪಾಠದಲ್ಲೂ ನಿಮಗೇ ಗೊತ್ತಿಲ್ದೆ ಕೂಗ್ತೀರ. ಆರು ವರ್ಷದಿಂದ ನಿಮ್ಮ ದನಿ ಅಳಿಸೋದೇ ನಂಗೊಂದು ಕೆಲಸ. ಸಾರ್ ಕೂಡ ನಿಮ್ಗೆ ಹೇಳ್ಬೇಡ ಅಂದಿದ್ರು, ಹೇಳಿದ್ರೆ ನಿಲ್ಲಿಸ್ಬಿಡ್ತಾಳೆ ಅಂತ.”

ಮೇಷ್ಟ್ರು ಬಾಗಿಲ ಕಡೆ ತಿರುಗಿ ನಕ್ಕರು. ಸರಿ ಎನ್ನಲು ತುಟಿ ತೆರೆದವರು ಹಾಗೇ ಮೇಜಿನ ಮೇಲೆ ತಲೆಯಿಟ್ಟರು. ಕೈ ಆಡಲಿಲ್ಲ, ಕಾಲು ಆಡಲಿಲ್ಲ. ದೀಪ ಆರಿದಷ್ಟು ಸಲೀಸಾಗಿ ಮುಗಿದಿತ್ತು.

“ಇಷ್ಟೇ ಅಕ್ಕಾ. ಆಮೇಲೆ ಉಸಿರೂ ಇಲ್ಲ. ನಾನು ಹತ್ತು ಸಲ ನೋಡ್ದೆ. ನೀವು ಹಾರಿ ಬಂದಿದ್ರೂ ಏನೂ ಆಗ್ತಿರ್ಲಿಲ್ಲ.” ಅವನು ಫೋನು ಎಳೆದುಕೊಳ್ಳಲು ನೋಡಿದ.

“ಬಿಡು, ಓಡಲಿ.”

“ಬೇಡ ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ.”

“ಓಡಲಿ ಅಂದೆ.”

ಮೈದುನ ಮೆಟ್ಟಿಲಿಳಿದು ಬಂದ. “ಅತ್ತಿಗೆ, ವ್ಯಾನು ಬಂದಿದೆ. ಅಣ್ಣನ್ನ ಎತ್ತಬೇಕು.”

ಆಕೆ ಕೈಯೆತ್ತಿ ತಡೆದಳು. ಮೈದುನ ಬಗ್ಗಿ ನೋಡಿದವನು ಕಂಬದಂತೆ ನಿಂತುಬಿಟ್ಟ. ಪರದೆಯಲ್ಲಿ ಮೇಜಿನ ಮೇಲೆ ಅಣ್ಣನ ಬಿಳಿಗೂದಲ ತಲೆ. ಹಿಂದೆಲ್ಲೋ ನಲ್ಲಿ ನೀರು ಬೀಳುವ ಸದ್ದು, ಪಾತ್ರೆ ತಾಕುವ ಸದ್ದು. ಅವುಗಳ ನಡುವೆ ಯಾವುದೋ ಹಳೇ ಹಾಡನ್ನು ಹೆಂಗಸೊಬ್ಬಳು ನಿಶ್ಚಿಂತೆಯಿಂದ ಗುನುಗುತ್ತಿದ್ದಳು. ಸಾಲು ಮರೆತಲ್ಲಿ ತನಗೆ ತಾನೇ ನಕ್ಕು, ಮತ್ತೆ ಮೊದಲಿನಿಂದ ಶುರುಮಾಡಿದಳು.