ಹಾಯಿಗೆ ಅದೇ ಹಾಯಿಯ ತೇಪೆ

ಸಮುದ್ರ ದೂರ ಸರಿದಿತ್ತು. ದೋಣಿಗಳು ಕೆಸರಿನ ಮೇಲೆ ವಾಲಿಕೊಂಡು ನಿದ್ದೆಹೋದಂತಿದ್ದವು. ಬ್ರೆಜಿಲ್‌ನ ಮರನ್ಯಾಂವ್ ಕರಾವಳಿಯ ಆ ಊರಿನಲ್ಲಿ, ಹಾಯಿ ಹೊಲಿಯುವ ಡೊರಿವಾಲ್ ಜೋಲಿಯಲ್ಲಿ ಮಲಗಿದ್ದ. ನೀರು ಏರಿದೊಡನೆ ಪಟ್ಟಣದ ಆಸ್ಪತ್ರೆಗೆ ದೋಣಿ ಹೊರಡುತ್ತದೆ. ತಾನು ಹೋಗುವುದಿಲ್ಲವೆಂದು ಅವನ ಹಟ.

ಶಿಶ್ನದ ಮೇಲಿನ ಹುಣ್ಣನ್ನು ಮೀನಿನ ಮುಳ್ಳು ತಾಗಿದ್ದೆಂದು ಅವನು ಬಹಳ ಕಾಲ ಮುಚ್ಚಿಟ್ಟಿದ್ದ. ಅದು ಕ್ಯಾನ್ಸರ್. ವೈದ್ಯರು ಶಿಶ್ನವನ್ನೂ, ರೋಗ ಹರಡಿದ್ದ ತೊಡೆಸಂದಿನ ಗಂಟುಗಳನ್ನೂ ತೆಗೆದಿದ್ದರು. ಸಂದಿನ ಹೊಲಿಗೆ ಬಿಚ್ಚಿಕೊಂಡಿತ್ತು. ಈಗ ತೊಡೆಯ ಮಾಂಸ, ಚರ್ಮವನ್ನು ಬಿಡಿಸಿ ಅತ್ತ ತಿರುಗಿಸಿ ಗಾಯ ಮುಚ್ಚಬೇಕಿತ್ತು.

"ಕಳಕೊಂಡಿದ್ದು ಸಾಲ್ದಾ? ಚೆನ್ನಾಗಿರೋ ತೊಡೆನೂ ಕುಯ್ಯಬೇಕಾ? ಗಾಯದ ಎರಡೂ ಅಂಚು ಎಳೆದು ಹೊಲಿದುಬಿಡ್ಲಿ," ಎಂದ ಡೊರಿವಾಲ್.

ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ದಾದಿ ನೈಲ್ಡೆ, "ಚರ್ಮ ಸಾಲಲ್ಲ ಡೊರಿವಾಲಣ್ಣ," ಎಂದಳು.

ಹಾಯಿಗೆ ಬಣ್ಣ ಕೊಡುವ ಕಾಂಡ್ಲಾ ಮರದ ತೊಗಟೆಯನ್ನು ಕುದಿಸುತ್ತಿದ್ದ ಹೆಂಡತಿ ಲಿಂಡಾಲ್ವಾ ತಿರುಗಿದಳು. "ನಿಮ್ಮ ತಮ್ಮ ಹರಿದ ಹಾಯಿನ ಹಂಗೇ ಎಳೆದು ಹೊಲಿದಾಗ, 'ಕತ್ತೆ, ಮೊದಲ ಗಾಳಿಗೇ ಬಾಯಿ ಬಿಡುತ್ತೆ' ಅಂತ ಬೈದೋರು ಯಾರು?"

"ಅದು ಹಾಯಿ ಕಣೇ!"

"ಹೊಸ ಬಟ್ಟೆ ಬೇಡ, ಕುಗ್ಗುತ್ತೆ, ಅದೇ ಹಾಯಿಯ ಅಂಚಿನ ಮಡಿಕೆಯಿಂದ ತೇಪೆ ತಗೋ ಅಂದೋರು?"

ಡೊರಿವಾಲ್ ತೊಡೆ ಸವರಿಕೊಂಡ. "ಆ ತೇಪೆ ಸತ್ತುಹೋದ್ರೆ?" ಎಂದ.

"ನೀವು ತೇಪೆನ ಪೂರ್ತಿ ಕತ್ತರಿಸ್ತೀರ. ಡಾಕ್ಟ್ರು ಅದರ ರಕ್ತನಾಳ ಕಡಿಯಲ್ಲ, ಅದರಿಂದ್ಲೇ ಜೀವ ಹಿಡಿಯುತ್ತೆ," ಎಂದಳು ನೈಲ್ಡೆ. "ತೊಂದರೆ ಬರೋದೇ ಇಲ್ಲ ಅನ್ನಲ್ಲ. ಆದ್ರೆ ಗಾಯ ಮಾಯದೆ ಮುಂದಿನ ಚಿಕಿತ್ಸೆ ಇಲ್ಲ. ಕ್ಯಾನ್ಸರ್ ಅಲ್ಲೀತನಕ ಕಾಯಲ್ಲ."

"ಇಷ್ಟಾದ್ಮೇಲೂ ನಾನು ಗಂಡಸಾ, ಲಿಂಡಾ?"

"ನಿಮ್ಮ ಗೊರಕೆ ಇಲ್ದಿದ್ರೆ ನಂಗೆ ನಿದ್ದೆ ಬರಲ್ಲ. ಏಳಿ."

ನೀರು ಸದ್ದಿಲ್ಲದೆ ಬಂತು. ದೋಣಿಗಳು ಒಂದೊಂದಾಗಿ ಎದ್ದು ನಿಂತವು. ದೋಣಿಯಲ್ಲಿ ಒರಗಿದ ಡೊರಿವಾಲನಿಗೆ ಮಂಪರು ಕವಿಯಿತು. ತಾನೇ ಹಾಯಿಯಾದಂತೆ, ಎದೆ ತುಂಬ ಗಾಳಿ ತುಂಬಿದಂತೆ ಕನಸು. ಕಣ್ಣು ತೆರೆದರೆ ನೆತ್ತಿಯ ಮೇಲಿನ ಹಾಯಿಯಲ್ಲಿ ಅವನೇ ಎಂದೋ ಹಾಕಿದ್ದ ತೇಪೆ. ಗಾಳಿಗೆ ಉಬ್ಬಿತ್ತು, ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

ಆಸ್ಪತ್ರೆಯಲ್ಲಿ ಹಾಕಿದ ತೊಡೆಯ ತೇಪೆ ಜೀವ ಹಿಡಿಯಿತು, ಗಾಯ ಮಾಯಿತು, ಮುಂದಿನ ಚಿಕಿತ್ಸೆಯೂ ನಡೆಯಿತು. ಈಗ ಅವನು ಕೂತೇ ಮೂತ್ರ ಮಾಡಬೇಕು. "ಹಾಯಿ ಹೊಲಿಯೋದೂ ಕೂತ್ಕೊಂಡೇ ತಾನೆ?" ಎಂದು ನಗುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಶಿಶ್ನದ ಮೇಲೆ ಮಾಯದ ಹುಣ್ಣು, ಗಂಟು, ಮುಂದೊಗಲಿನಡಿ ರಕ್ತ ಅಥವಾ ಕೆಟ್ಟ ವಾಸನೆ ಇದ್ದರೆ ನಾಚದೆ ವೈದ್ಯರಿಗೆ ತೋರಿಸಿ. ಬೇಗ ಹೋದರೆ ಅಂಗವನ್ನೇ ಉಳಿಸಿಕೊಳ್ಳಬಹುದು. ದಿನವೂ ಮುಂದೊಗಲಿನಡಿ ತೊಳೆಯಿರಿ. ತಡವಾಗಿದ್ದರೂ ಗಾಯಕ್ಕೆ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ನಿಮ್ಮ ಗೊರಕೆಗೂ ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ.